ಚಿರತೆಯೋ, ಚೀತಾನೋ? ಪಕ್ಕೆ ನೋಡಿ ಹೇಳಿ

ಊರಿಗೆ ಚಿರತೆ ಬಂದಿದೆ ಅಂತ ಸುದ್ದಿ ಹಬ್ಬಿದರೆ ಸಾಕು, ನನ್ನ ವಾಟ್ಸಾಪಿಗೆ ಫೋಟೋಗಳ ಸಾಲು. ಅದರಲ್ಲಿ ಆಫ್ರಿಕಾದ ಚೀತಾ ಇರುತ್ತದೆ, ಬ್ರೆಜಿಲ್ ಕಾಡಿನ ಜಾಗ್ವಾರ್ ಕೂಡ ಇರುತ್ತದೆ. ಕೆಳಗೆ ಮಾತ್ರ ‘ನಮ್ಮ ತೋಟದ ಹಿಂದೇನೇ ಸರ್’ ಅಂತ ಬರೆದಿರುತ್ತದೆ! ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರು ಹಾದಾಗ ತಾನಾಗೇ ಫೋಟೋ ತೆಗೆಯುವ ಕಾಡಿನ ಕ್ಯಾಮೆರಾ, ಅದರ ಚಿತ್ರ ನೋಡುವುದೇ ನನ್ನ ಕೆಲಸ. ಮೂರಕ್ಕೂ ಹಳದಿ ಮೈ, ಕಪ್ಪು ಮಚ್ಚೆ. ಹಾಗಾಗಿ ಬಣ್ಣ ಬಿಡಿ, ಪಕ್ಕೆಯ ಮೇಲಿನ ಮಚ್ಚೆಯ ಆಕಾರ ನೋಡಿ.

ಚೀತಾ ಸುಲಭ. ಬೆರಳು ಮಸಿಗೆ ಅದ್ದಿ ಒತ್ತಿದ ಹಾಗೆ ಮೈತುಂಬ ಬಿಡಿಬಿಡಿ ಚುಕ್ಕೆ. ಕಣ್ಣಿನ ಒಳಮೂಲೆಯಿಂದ ಬಾಯಿಯವರೆಗೆ ಕಪ್ಪು ಗೆರೆ. ಚಿಕ್ಕ ತಲೆ, ಉದ್ದ ಕಾಲು, ಸಣ್ಣ ಸೊಂಟ. ಭಾರತದಲ್ಲಿ ಇದು ಅಳಿದುಹೋಗಿದೆ ಎಂದು 1952ರಲ್ಲಿ ಘೋಷಿಸಲಾಗಿತ್ತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟನ್ನು ತಂದು ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನದಲ್ಲಿ ಬಿಟ್ಟರು. ನಿಮ್ಮ ಕಬ್ಬಿನ ಗದ್ದೆಗೆ ಅದು ಬರುವ ಮಾತೇ ಇಲ್ಲ.

ತಲೆನೋವು ಕೊಡುವುದು ಚಿರತೆ ಮತ್ತು ಜಾಗ್ವಾರ್. ಚಿರತೆಗೆ ತಲೆ, ಕುತ್ತಿಗೆ, ಕಾಲಿನ ಮೇಲೆ ತುಂಬಿದ ಚುಕ್ಕೆ ಇರುತ್ತದೆ. ಬೆನ್ನು, ಪಕ್ಕೆಗೆ ಬಂದರೆ ಅಲ್ಲಲ್ಲಿ ಒಡೆದ ಉಂಗುರಗಳು. ಉಂಗುರದ ಒಳಗೆ ಸಾಮಾನ್ಯವಾಗಿ ಖಾಲಿ. ಜಾಗ್ವಾರ್‌ನ ಉಂಗುರ ದೊಡ್ಡದು, ಸಂಖ್ಯೆಯಲ್ಲಿ ಕಡಿಮೆ, ಹಲವುಗಳ ಒಳಗೆ ಸಣ್ಣ ಚುಕ್ಕೆಗಳೂ ಇರುತ್ತವೆ. ಒಂದೇ ಉಂಗುರ ನೋಡಿ ತೀರ್ಪು ಕೊಡಬೇಡಿ, ಇಡೀ ಪಕ್ಕೆ ನೋಡಿ. ಸಂಶಯ ಉಳಿದರೆ ಬಾಲಕ್ಕೆ ಬನ್ನಿ. ಚಿರತೆಯದು ಉದ್ದ, ನಡೆಯುವಾಗ ತುದಿ ಮೇಲಕ್ಕೆ ಬಾಗಿ ಅಡಿಯ ಬಿಳುಪು ಕಾಣುತ್ತದೆ. ಜಾಗ್ವಾರ್‌ಗೆ ಮೋಟು ಬಾಲ, ದಪ್ಪ ತಲೆ, ಗಿಡ್ಡ ಕಾಲು. ಪೈಲ್ವಾನ್ ಮೈಕಟ್ಟು ಅನ್ನಬಹುದು.

ಈ ಉಂಗುರಗಳೇ ನಮಗೆ ಚಿರತೆಯ ಗುರುತಿನ ಚೀಟಿ. ಒಂದರ ಹಾಗೆ ಇನ್ನೊಂದಕ್ಕಿಲ್ಲ. ಅಷ್ಟೇ ಅಲ್ಲ, ಒಂದೇ ಚಿರತೆಯ ಎಡಪಕ್ಕೆ ಬಲಪಕ್ಕೆಯೂ ಬೇರೆ ಬೇರೆ. ಅದಕ್ಕೇ ಕಾಡುದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತೇವೆ. ಒಂದು ಚಿತ್ರದಲ್ಲಿ ಎಡಪಕ್ಕೆ, ಇನ್ನೊಂದರಲ್ಲಿ ಬಲಪಕ್ಕೆ ಮಾತ್ರ ಸಿಕ್ಕರೆ ಅದು ಒಂದು ಪ್ರಾಣಿಯೋ ಎರಡೋ ಹೇಳಲು ಆಗುವುದಿಲ್ಲ.

ಹಾಗಾದರೆ ಕಬಿನಿಯ ಕರಿಚಿರತೆ? ಅದೂ ಮಾಮೂಲಿ ಚಿರತೆಯೇ, ಮೈಯಲ್ಲಿ ಕಪ್ಪು ಜಾಸ್ತಿ ಅಷ್ಟೆ. ಓರೆ ಬಿಸಿಲು ಬಿದ್ದಾಗ ಕಪ್ಪಿನೊಳಗೆ ಉಂಗುರ ಕಾಣುತ್ತದೆ. ಇನ್ಫ್ರಾರೆಡ್ ಕ್ಯಾಮೆರಾದಲ್ಲಂತೂ ಇನ್ನೂ ಸ್ಪಷ್ಟ. ಜಾಗ್ವಾರ್‌ನಲ್ಲೂ ಕಪ್ಪು ಇದೆ. ‘ಬ್ಲ್ಯಾಕ್ ಪ್ಯಾಂಥರ್’ ಅನ್ನೋ ಬೇರೆ ಜಾತಿ ಇಲ್ಲ.

ಪ್ರಾಣಿ ಕಾಣದೆ ಹೆಜ್ಜೆ ಮಾತ್ರ ಸಿಕ್ಕರೆ ಉಗುರು ಹುಡುಕಿ. ಚೀತಾದ ಉಗುರು ಪೂರ್ತಿ ಒಳಗೆ ಹೋಗುವುದಿಲ್ಲ, ನೆಲದ ಮೇಲೆ ಗುರುತು ಬೀಳುತ್ತದೆ. ಚಿರತೆ ನಡೆಯುವಾಗ ಉಗುರು ಮಡಚಿಕೊಂಡಿರುತ್ತದೆ, ಜಾರುವ ಕೆಸರಲ್ಲಿ ಮಾತ್ರ ಊರಬಹುದು. ಆದ್ದರಿಂದ ನಮ್ಮ ಹೊಲದಲ್ಲಿ ಉಗುರಿನ ಗುರುತಿದ್ದರೆ ಬಹುಪಾಲು ಅದು ನಾಯಿಯದು. ಕಳಿಸುವುದೇ ಆದರೆ ಪಕ್ಕದಲ್ಲೊಂದು ಬೆಂಕಿಪೊಟ್ಟಣ ಇಟ್ಟು ಫೋಟೋ ತೆಗೆಯಿರಿ, ಅಳತೆ ಗೊತ್ತಾಗುತ್ತದೆ.