ಬ್ಯಾರನ್ ಹ್ಯಾರಿಸ್ ವಂಶಾವಳಿ: ಶ್ರೀರಂಗಪಟ್ಟಣದ ಹೆಸರು ಹೊತ್ತ ಬಿರುದನ್ನು ಓದುವ ಬಗೆ

‘1799ರಲ್ಲಿ ಲಾರ್ಡ್ ಹ್ಯಾರಿಸ್ ಶ್ರೀರಂಗಪಟ್ಟಣ ಗೆದ್ದ’ ಎಂಬ ವಾಕ್ಯ ಟಿಪ್ಪಣಿಗಳಲ್ಲಿ ಆಗಾಗ ಕಾಣುತ್ತದೆ. ಅದು ತಪ್ಪು. ಆಗ ಆತ ಮದ್ರಾಸ್ ಸೇನೆಯ ದಂಡನಾಯಕ ಜನರಲ್ ಹ್ಯಾರಿಸ್ ಅಷ್ಟೇ. ‘ಬ್ಯಾರನ್’ ಎಂಬ ಬಿರುದು ಬಂದದ್ದು 1815ರ ಆಗಸ್ಟ್ 11ರಂದು, ಕೋಟೆ ಬಿದ್ದು 16 ವರ್ಷಗಳ ಮೇಲೆ. ಈ ವಂಶದಲ್ಲಿ ಇಲ್ಲಿಯವರೆಗೆ ಎಂಟು ಬ್ಯಾರನ್‌ಗಳು. ಬ್ಯಾರನ್‌ನನ್ನು ಕರೆಯುವುದು ‘ಲಾರ್ಡ್’ ಎಂದೇ, ಆದ್ದರಿಂದ ಎಲ್ಲರೂ ‘ಲಾರ್ಡ್ ಹ್ಯಾರಿಸ್’. ಹಾಗಾಗಿ ಹೆಸರು ಕಂಡ ಕೂಡಲೇ ಇಸವಿ ನೋಡಬೇಕು.

ಮೊದಲ ಬ್ಯಾರನ್ ಜಾರ್ಜ್ ಹ್ಯಾರಿಸ್ (1746–1829) ಕೆಂಟ್ ಪ್ರಾಂತ್ಯದ ಬ್ರಾಸ್ಟೆಡ್‌ನ ಪಾದ್ರಿಯೊಬ್ಬರ ಮಗ; ಹುಟ್ಟಿನಿಂದ ಬಂದ ಬಿರುದೇನೂ ಇರಲಿಲ್ಲ. 1775ರಲ್ಲಿ ಅಮೆರಿಕದ ಬಂಕರ್ ಹಿಲ್ ಕದನದಲ್ಲಿ ತಲೆಗೆ ಪೆಟ್ಟು ಬಿದ್ದು, ಬುರುಡೆ ಕೊರೆದು ಚಿಕಿತ್ಸೆ ಮಾಡಬೇಕಾಯಿತು. 1799ರ ಫೆಬ್ರುವರಿಯಲ್ಲಿ ವೆಲ್ಲೂರಿನಿಂದ ಹೊರಟ ಅವನ ಸೇನೆ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವನ್ನು ಎದುರಿಸಿತು. ಕಾರ್ನ್‌ವಾಲಿಸ್ 1791ರಲ್ಲಿ ಬಂದ ಅರಕೆರೆಯ ದಾರಿಯನ್ನೇ ಇವನೂ ಹಿಡಿಯುತ್ತಾನೆಂದು ಟಿಪ್ಪು ಎಣಿಸಿದ್ದ. ಹ್ಯಾರಿಸ್ ಅದನ್ನು ಬಿಟ್ಟು ಸೋಸಲೆ ಬಳಿ ಕಾವೇರಿ ದಾಟಿ ಕೋಟೆಯ ಪಶ್ಚಿಮಕ್ಕೆ ಬಂದು ಬೀಡುಬಿಟ್ಟ. ಮೇ 4ರಂದು ಕೋಟೆಗೋಡೆಯ ಬಿರುಕಿನ ಮೂಲಕ ನುಗ್ಗಿದ ದಂಡಿನ ಮುಂದಾಳು ಮಾತ್ರ ಡೇವಿಡ್ ಬೇರ್ಡ್. ಇಬ್ಬರನ್ನೂ ಒಂದು ಮಾಡಬೇಡಿ.

ಕೊಳ್ಳೆಯ ಹಣದಲ್ಲಿ ದಂಡನಾಯಕನಾಗಿ ಹ್ಯಾರಿಸ್ ತೆಗೆದುಕೊಂಡದ್ದು ಎಂಟನೇ ಒಂದು ಪಾಲು. ಅದು ಹೆಚ್ಚಾಯಿತೆಂದು ಕಂಪನಿಯ ನಿರ್ದೇಶಕರು ತಕರಾರು ತೆಗೆದರು. ವಿವಾದ ಬ್ರಿಟನ್ ಅರಸನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ ತೀರ್ಪು ಹ್ಯಾರಿಸ್ ಕಡೆಗಾಯಿತು. 1801ರಲ್ಲಿ ಆತ ಕೆಂಟ್‌ನಲ್ಲಿ ಬೆಲ್ಮಾಂಟ್ ಬಂಗಲೆ ಕೊಂಡ. ಬ್ಯಾರನ್ ಆಗುವ ಮುಂಚೆ ಐರಿಷ್ ಪೀರ್ (ಬಿರುದಾಂಕಿತ ಶ್ರೀಮಂತ) ಪದವಿ ಕೊಡಲು ಬಂದಾಗ ಬೇಡವೆಂದಿದ್ದ. ಕೊನೆಗೆ ಸಿಕ್ಕ ಬಿರುದಿನ ಪೂರ್ಣರೂಪ ‘ಈಸ್ಟ್ ಇಂಡೀಸ್‌ನ ಶ್ರೀರಂಗಪಟ್ಟಣ ಮತ್ತು ಮೈಸೂರಿನ, ಕೆಂಟ್ ಪ್ರಾಂತ್ಯದ ಬೆಲ್ಮಾಂಟ್‌ನ ಬ್ಯಾರನ್ ಹ್ಯಾರಿಸ್’. ಊರ ಹೆಸರು ಬಂದ ಮಾತ್ರಕ್ಕೆ ಶ್ರೀರಂಗಪಟ್ಟಣದಲ್ಲಿ ಒಂದು ಗುಂಟೆ ನೆಲದ ಹಕ್ಕೂ ಇಲ್ಲ. ಅದು ಗೆಲುವಿನ ಗುರುತು ಮಾತ್ರ. ಮನೆತನದ ಲಾಂಛನದ ಶಿಖೆಯಲ್ಲೂ, ಅಂದರೆ ಮೇಲ್ತುದಿಯ ಚಿತ್ರದಲ್ಲೂ, ಅದೇ ಧಾಟಿ: ಎದೆಗೆ ಬಾಣ ನಾಟಿದ ಹುಲಿ, ಅದರ ಹಣೆಯ ಮೇಲೆ ಹೈದರನನ್ನು ಸೂಚಿಸುವ ಪರ್ಷಿಯನ್ ಅಕ್ಷರ. ಸೋತವರ ಗುರುತನ್ನೇ ಗೆದ್ದವರು ತಲೆಯ ಮೇಲೆ ಹೊತ್ತ ಈ ವಿಚಿತ್ರವನ್ನು ಗಮನಿಸದೆ ಮುಂದೆ ಹೋಗಬಾರದು.

ಈಗ ನಿಯಮ. ಬಿರುದು ಕೊಡುವ ಅರಸನ ಆಜ್ಞಾಪತ್ರವಾದ ಪೇಟೆಂಟ್ ಪತ್ರದಲ್ಲಿ ಬಿರುದು ಯಾರಿಗೆ ಇಳಿಯುತ್ತದೆಂಬುದನ್ನು ಬರೆದಿರುತ್ತದೆ. ಇಲ್ಲಿ ಅದು ಮೊದಲ ಬ್ಯಾರನ್‌ನ ಸ್ವಂತ ಗಂಡು ಸಂತತಿಗೆ. ಹಿರಿಯ ಮಗ, ಅವನ ಹಿರಿಯ ಮಗ ಎಂದು ಇಳಿಯುತ್ತಾ ಹೋಗಬೇಕು. ಆ ಸಾಲು ಮುಗಿದರೆ ಹಿಂದಕ್ಕೆ ಹೋಗಿ, ಹತ್ತಿರದ ಕಿರಿಯ ಕವಲನ್ನು ಹಿಡಿದು ಮತ್ತೆ ಇಳಿಯಬೇಕು. ಮಗಳಿಗೆ ಬರುವುದಿಲ್ಲ, ದತ್ತುಮಗನಿಗೂ ಇಲ್ಲ. ಮೂಲಪುರುಷನ ಅಣ್ಣತಮ್ಮಂದಿರ ಸಂತತಿಯೂ ಲೆಕ್ಕಕ್ಕಿಲ್ಲ, ಏಕೆಂದರೆ ಬಿರುದು ಶುರುವಾದದ್ದೇ ಅವನಿಂದ.

ಎರಡನೆಯವನು ವಿಲಿಯಂ ಜಾರ್ಜ್ (1782–1845). ಹದಿಹರೆಯದಲ್ಲೇ ಶ್ರೀರಂಗಪಟ್ಟಣದ ದಾಳಿಯಲ್ಲಿದ್ದ. ಟಿಪ್ಪುವಿನ ಧ್ವಜಗಳನ್ನು ಲಂಡನ್ನಿಗೆ ಒಯ್ದು ಮೂರನೇ ಜಾರ್ಜ್ ಅರಸನಿಗೆ ಒಪ್ಪಿಸಿದವನು ಇವನೇ. ವಾಟರ್‌ಲೂನಲ್ಲಿ 73ನೇ ರೆಜಿಮೆಂಟಿನ ಎರಡನೇ ಬೆಟಾಲಿಯನ್ ನಡೆಸಿ ಗಾಯಗೊಂಡ. ಆ ಕದನ 1815ರ ಜೂನ್ 18ರದು, ಅಪ್ಪನಿಗೇ ಇನ್ನೂ ಬಿರುದು ಬಂದಿರಲಿಲ್ಲ. ವಾಟರ್‌ಲೂ ಪಟ್ಟಿಯಲ್ಲಿ ‘ಲಾರ್ಡ್ ಹ್ಯಾರಿಸ್’ ಎಂದು ಹುಡುಕಿದರೆ ಸಿಗದಿರುವುದು ಅದಕ್ಕೇ.

ಗೊಂದಲ ಹೆಚ್ಚು ಮೂರು ಮತ್ತು ನಾಲ್ಕನೆಯವರಲ್ಲಿ. ಇಬ್ಬರೂ ಭಾರತದಲ್ಲಿ ಗವರ್ನರ್‌ಗಳು. ಮೂರನೆಯವನು ಸೈನಿಕನಲ್ಲ, ಆಡಳಿತಗಾರ: 1846ರಿಂದ 1854ರವರೆಗೆ ಟ್ರಿನಿಡಾಡ್, ಆಮೇಲೆ 1859ರವರೆಗೆ ಮದ್ರಾಸ್. 1857ರ ದಂಗೆಯ ಕಾಲದ ಮದ್ರಾಸ್ ಗವರ್ನರ್ ಈತನೇ. ಮಗ ಜಾರ್ಜ್ ರಾಬರ್ಟ್ ಕ್ಯಾನಿಂಗ್ ಹ್ಯಾರಿಸ್ (1851–1932) ಹುಟ್ಟಿದ್ದು ಟ್ರಿನಿಡಾಡ್‌ನಲ್ಲಿ. ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕ, 1890ರಿಂದ 1895ರವರೆಗೆ ಬಾಂಬೆ ಗವರ್ನರ್. ಮುಂಬೈ ಶಾಲಾ ಕ್ರಿಕೆಟ್ಟಿನ ಹ್ಯಾರಿಸ್ ಶೀಲ್ಡ್ ಇವನ ಹೆಸರಿನದು, ಟಿಪ್ಪುವಿನ ಎದುರಾಳಿಯದಲ್ಲ. 1870ರಲ್ಲಿ ಕೆಂಟ್‌ಗೆ ಆಡತೊಡಗಿದಾಗ ಇವನಿನ್ನೂ ಬ್ಯಾರನ್ ಮಗ, ಅಂದರೆ ‘ಆನರಬಲ್’ ಮಾತ್ರ. 1872ರ ನವೆಂಬರ್‌ನಲ್ಲಿ ಅಪ್ಪ ತೀರಿಕೊಂಡ ಮೇಲಷ್ಟೇ ‘ಲಾರ್ಡ್’.

ಐದನೆಯವನು ಜಾರ್ಜ್ ಸೇಂಟ್ ವಿನ್ಸೆಂಟ್. ತಾಯಿ ವೈಕೌಂಟ್ ಸೇಂಟ್ ವಿನ್ಸೆಂಟ್ ಮನೆತನದವಳು, ನಡುಹೆಸರು ಅಲ್ಲಿಂದ ಬಂದದ್ದು. 1932ರಿಂದ 1984ರವರೆಗೆ, 52 ವರ್ಷ ಬಿರುದು ಇವನದು. ಬೆಲ್ಮಾಂಟ್‌ನ ಗಡಿಯಾರ ಸಂಗ್ರಹವೂ ಇವನದೇ. ಆರನೆಯವನು 1995ರಲ್ಲಿ ಗಂಡು ಸಂತಾನವಿಲ್ಲದೆ ತೀರಿಕೊಂಡಾಗ ಮೇಲಿನ ನಿಯಮ ಕೆಲಸಕ್ಕೆ ಬಂತು: ಬಿರುದು ದೂರದ ದಾಯಾದಿ ಕವಲಿಗೆ ಹೋಯಿತು. ಅಲ್ಲಿಂದ ಬಂದ ಏಳನೆಯವನು ಮರುವರ್ಷವೇ ತೀರಿಕೊಂಡ, ಮಗ ಎಂಟನೆಯವನಾದ. ಮನೆ ಮಾತ್ರ ಬಿರುದಿನ ಹಿಂದೆ ಹೋಗಲಿಲ್ಲ. ಬೆಲ್ಮಾಂಟ್ ದತ್ತಿ ಸಂಸ್ಥೆಯ ವಶದಲ್ಲಿದೆ. ಆಸ್ತಿಗೆ ಉಯಿಲು, ಬಿರುದಿಗೆ ಪೇಟೆಂಟ್. ವಂಶವೃಕ್ಷ ಬರೆಯುವಾಗ ಎರಡಕ್ಕೂ ಬೇರೆ ಬೇರೆ ಗೆರೆ ಎಳೆಯಿರಿ. 1999ರ ಕಾಯ್ದೆ ಬಂದ ಮೇಲೆ ವಂಶಪಾರಂಪರ್ಯದ ಬಿರುದಿನಿಂದ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ತಾನಾಗಿ ಸ್ಥಾನ ಸಿಗುವುದಿಲ್ಲ.

ಇನ್ನು ‘ಪೆಕಮ್‌ನ ಲಾರ್ಡ್ ಹ್ಯಾರಿಸ್’, ‘ಹೆರಿಂಗೇಯ ಲಾರ್ಡ್ ಹ್ಯಾರಿಸ್’ ಎಂದು ಕಂಡರೆ ಈ ಮರಕ್ಕೆ ಸೇರಿಸಬೇಡಿ. ಅವು ಜೀವಾವಧಿ ಪದವಿಗಳು, ಪಡೆದವರೊಂದಿಗೇ ಮುಗಿಯುತ್ತವೆ.