ಮಂಗಳನ ಅದಿರಿಗೆ ರಾತ್ರಿಪಾಳಿ

ಸಂಡೂರಿನ ಕಡೆಯಿಂದ ತಂದ ಹೆಮಟೈಟ್ (ಕಬ್ಬಿಣದ ಅದಿರು) ಕಲ್ಲೊಂದು ನನ್ನ ಮೇಜಿನ ಮೇಲಿದೆ. ಕಣ್ಣಿಗೆ ಉಕ್ಕಿನ ಬೂದು. ಟೈಲ್ಸಿನ ಒರಟು ಹಿಂಬದಿಗೆ ಉಜ್ಜಿದರೆ ಕೆಂಪು ಗೆರೆ. ಅದಿರಿನ ಲಾರಿಗಳು ಓಡಾಡುವ ಬಳ್ಳಾರಿ ಸೀಮೆಯ ದಾರಿಗಳಲ್ಲಿ ಮರದ ಎಲೆಗೂ ಇದೇ ಬಣ್ಣ. ಮಂಗಳ ಗ್ರಹದ ಕೆಂಪೂ ಕಬ್ಬಿಣದ ತುಕ್ಕಿನದೇ. ಆದರೂ ಕುಜದೋಷವೆಂದು ಸಂಬಂಧ ಮುರಿಯುವವರಿದ್ದಾರೆ. ಆ ಲೆಕ್ಕದಲ್ಲಿ ಗಣಿಧೂಳು ಕುಡಿದು ಬೆಳೆದ ನಮ್ಮಲ್ಲಿ ಯಾರಿಗೂ ಮದುವೆ ಆಗಬಾರದಿತ್ತು!

2004ರ ಜನವರಿಯಲ್ಲಿ ನಾಸಾದ ಆಪರ್ಚುನಿಟಿ ಎಂಬ ಗಾಲಿಬಂಡಿ (ರೋವರ್) ಮಂಗಳದ ಮೆರಿಡಿಯಾನಿ ಬಯಲಿನಲ್ಲಿ ಇಳಿದದ್ದು ಇದೇ ಹೆಮಟೈಟ್ ಹುಡುಕಿಕೊಂಡು. ಅಲ್ಲಿ ಜೋಳದ ಕಾಳಿನಷ್ಟು ಸಣ್ಣ ಗುಂಡುಗಳು ಚೆಲ್ಲಿದ್ದವು. ರೋವರ್ ತೋಳಿನಲ್ಲಿದ್ದ, ಬಂಡೆಯಲ್ಲಿರುವ ಕಬ್ಬಿಣದ ಖನಿಜ ಯಾವುದೆಂದು ಹೇಳುವ ಮಾಸ್‌ಬೌವರ್ ಉಪಕರಣಕ್ಕೆ ಕಾಣುವುದು ಸುಮಾರು ಒಂದೂವರೆ ಸೆಂಟಿಮೀಟರ್ ಅಗಲದ ವೃತ್ತ. ಒಂಟಿ ಕಾಳನ್ನು ಅಳೆಯಲು ಹೋದರೆ ಸುತ್ತಲಿನ ಬಂಡೆಯೂ ಲೆಕ್ಕಕ್ಕೆ ಬರುತ್ತದೆ. ಯೋಜಕರು ಗುಂಡುಗಳು ಗುಡ್ಡೆಯಾಗಿದ್ದ ತಗ್ಗೊಂದನ್ನು ಆರಿಸಿ ಅಲ್ಲೊಮ್ಮೆ, ಪಕ್ಕದ ಬೋಳು ಬಂಡೆಯ ಮೇಲೊಮ್ಮೆ ಅಳೆದರು. ಎರಡರ ವ್ಯತ್ಯಾಸವೇ ಉತ್ತರ: ಗುಂಡುಗಳಲ್ಲಿ ಹೆಮಟೈಟ್ ತುಂಬಿತ್ತು.

ಉಪಕರಣದ ಒಳಗಿನ ಕೆಲಸ ಇನ್ನೂ ಸೊಗಸು. ಅದರಲ್ಲಿರುವ ವಿಕಿರಣಶೀಲ ಕೋಬಾಲ್ಟ್-57 ಗಾಮಾ ಕಿರಣ ಸೂಸುತ್ತದೆ. ಶಕ್ತಿ ಕರಾರುವಾಕ್ಕಾಗಿ ಹೊಂದಿದರೆ ಮಾತ್ರ ಬಂಡೆಯ ಕಬ್ಬಿಣದ ನ್ಯೂಕ್ಲಿಯಸ್ ಅದನ್ನು ನುಂಗಿ ಮತ್ತೆ ಉಗುಳುತ್ತದೆ. ಆ ಹೊಂದಿಕೆ ಖನಿಜದಿಂದ ಖನಿಜಕ್ಕೆ ಕೂದಲೆಳೆಯಷ್ಟು ಬೇರೆ. ಹತ್ತಿರ ಬರುವ ಗೂಡ್ಸ್ ರೈಲಿನ ಶಿಳ್ಳೆಯ ಸ್ವರ ಏರಿ, ದೂರವಾದಾಗ ಇಳಿಯುತ್ತದಲ್ಲ, ಹಾಗೆಯೇ ಕೋಬಾಲ್ಟನ್ನು ಹಿಂದೆ ಮುಂದೆ ಆಡಿಸಿ ಕಿರಣದ ಶಕ್ತಿಯನ್ನು ಏರಿಳಿಸುತ್ತಾರೆ. ವೇಗ ಸೆಕೆಂಡಿಗೆ ಕೆಲವೇ ಮಿಲಿಮೀಟರ್! ಹಳೆಯ ರೇಡಿಯೋದ ತಿರುಗುಣಿಯನ್ನು ಉಸಿರು ಬಿಗಿಹಿಡಿದು ತಿರುಗಿಸಿ ಸ್ಟೇಷನ್ ಹಿಡಿದಂತೆ.

ಭೂಮಿಯಿಂದ ರಿಮೋಟ್ ಒತ್ತುತ್ತ ಇದನ್ನು ನಡೆಸುತ್ತಿದ್ದರೆಂಬ ನಂಬಿಕೆಯೊಂದಿದೆ. ಅದು ಆಗದ ಮಾತು. ಸಂದೇಶ ಒಂದು ಕಡೆ ತಲುಪಲು ದೂರಕ್ಕೆ ತಕ್ಕಂತೆ 3ರಿಂದ 22 ನಿಮಿಷ ಬೇಕು. ಇಡೀ ದಿನದ ಕೆಲಸವನ್ನು ಮೊದಲೇ ಬರೆದು ಕಳಿಸಬೇಕಿತ್ತು. ಚಕ್ರ ಉರುಳಲು, ಕ್ಯಾಮೆರಾ ತೆರೆಯಲು ಹಗಲು. ಗಂಟೆಗಟ್ಟಲೆ ಕಿರಣ ಎಣಿಸುವ ಮಾಸ್‌ಬೌವರ್‌ಗೆ ಹೆಚ್ಚಾಗಿ ರಾತ್ರಿಪಾಳಿ ಇತ್ತು.

ಮೇಲಾಗಿ, ಕೋಬಾಲ್ಟ್ 272 ದಿನಕ್ಕೊಮ್ಮೆ ಅರ್ಧವಾಗುತ್ತದೆ. ನಲ್ಲಿಯ ಧಾರೆ ಅರ್ಧಕ್ಕಿಳಿದರೆ ಕೊಡ ತುಂಬಲು ಇಮ್ಮಡಿ ಹೊತ್ತು. ನಮ್ಮ ಬೀದಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 90 ದಿನಕ್ಕೆಂದು ಕಳಿಸಿದ ರೋವರ್ ವರ್ಷಗಟ್ಟಲೆ ಬದುಕಿತು, ಕೋಬಾಲ್ಟ್ ಸೊರಗಿತು. 2012ರಲ್ಲಿ, ಮಂಗಳದ ಚಳಿಗಾಲದಲ್ಲಿ, ಬಿಸಿಲು ಸಾಲದೆ ರೋವರ್ ನಿಂತಲ್ಲೇ ನಿಂತಾಗ, ತೋಳನ್ನು ಬಂಡೆಗೆ ಊರಿಸಿ, ಸಣ್ಣಗೆ ತೊಟ್ಟಿಕ್ಕುತ್ತಿದ್ದ ಕಿರಣಗಳನ್ನು ದಿನಗಟ್ಟಲೆ ಎಣಿಸುತ್ತಿರಲು ಬಿಟ್ಟರು.