ಲಾಟರಿ ದುಡ್ಡಿನಲ್ಲಿ ಹಿಡಿದ ತೆರಿಗೆ ವಾಪಸ್ ಬರುತ್ತಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಬೇರೆ ಆದಾಯ ಇಲ್ಲ, ಇದುವರೆಗೆ ರಿಟರ್ನ್ ಹಾಕಿಲ್ಲ. 2025ರ ಡಿಸೆಂಬರ್‌ನಲ್ಲಿ ವಯನಾಡಿನಲ್ಲಿ ತಗೊಂಡ ಕೇರಳ ಲಾಟರಿಗೆ 1 ಲಕ್ಷ ರೂಪಾಯಿ ಬಹುಮಾನ ಬಂತು. ಕೈಗೆ ಸಿಕ್ಕಿದ್ದು 63,000. ರಿಟರ್ನ್ ಹಾಕಿದರೆ ಹಿಡಿದ ತೆರಿಗೆ ವಾಪಸ್ ಬರುತ್ತಾ?

ಉತ್ತರ: ಪೂರ್ತಿ ಬರುವುದಿಲ್ಲ. ಸ್ವಲ್ಪ ಬರಬಹುದು, ಅದೂ ಇರುವ ಎರಡು ತೆರಿಗೆ ಪದ್ಧತಿಗಳಲ್ಲಿ ಹಳೆಯದನ್ನು ಆರಿಸಿಕೊಂಡರೆ ಮಾತ್ರ. ಇನ್ನು ರಿಟರ್ನನ್ನಂತೂ ನೀವು ಹಾಕಲೇಬೇಕು.

ಮೊದಲು ನಿಮ್ಮ 37,000 ಎಲ್ಲಿ ಹೋಯಿತು ನೋಡೋಣ. ಅದರಲ್ಲಿ 10,000 ತೆರಿಗೆಯೇ ಅಲ್ಲ, ಟಿಕೆಟ್ ಮಾರಿದ ಏಜೆಂಟರ ಕಮಿಷನ್. ಉಳಿದ 90,000ಕ್ಕೆ ಶೇ 30ರಂತೆ 27,000 ಟಿಡಿಎಸ್ (ದುಡ್ಡು ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದಾರೆ. ವಾಪಸ್ ಕೇಳಬಹುದಾದರೆ ಈ 27,000ದಲ್ಲಿ ಮಾತ್ರ.

ಎಫ್‌ಡಿ ಬಡ್ಡಿಗೆ ಟಿಡಿಎಸ್ ಹಿಡಿದಾಗ, ಆದಾಯ ಕಡಿಮೆ ಇದ್ದರೆ ರಿಟರ್ನ್ ಹಾಕಿ ಅಷ್ಟೂ ವಾಪಸ್ ಪಡೆಯಬಹುದು. ಗೊಂದಲ ಹುಟ್ಟುವುದೇ ಇಲ್ಲಿ. ಲಾಟರಿ, ಕುದುರೆ ರೇಸು, ಇಸ್ಪೀಟು, ಬೆಟ್ಟಿಂಗ್ ದುಡ್ಡಿಗೆ ಕಾನೂನು ಬೇರೆಯೇ ದರ ಇಟ್ಟಿದೆ. ನಿಮ್ಮ ಗೆಲುವಿಗೆ ಅನ್ವಯವಾಗುವ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 115ಬಿಬಿ ಪ್ರಕಾರ ಮೊದಲ ರೂಪಾಯಿಯಿಂದಲೇ ಶೇ 30. ಮೇಲೆ ಆ ತೆರಿಗೆಯ ಶೇ 4ರಷ್ಟು ಸೆಸ್, ಒಟ್ಟು ಶೇ 31.2. ಇಷ್ಟು ಆದಾಯದವರೆಗೆ ತೆರಿಗೆ ಇಲ್ಲ ಎಂದು ಎಲ್ಲರಿಗೂ ಸಿಗುವ ಮೂಲ ವಿನಾಯಿತಿ ಇದಕ್ಕಿಲ್ಲ. ಎಲ್‌ಐಸಿ, ಪಿಪಿಎಫ್ ತೋರಿಸಿ ಕಡಿಮೆ ಮಾಡುವ ಹಾಗೂ ಇಲ್ಲ. ಟಿಕೆಟ್‌ಗೆ ಸುರಿದ ದುಡ್ಡನ್ನೂ ಕಳೆಯುವಂತಿಲ್ಲ. ವರ್ಷವಿಡೀ ಸೋತು ಒಮ್ಮೆ ಗೆದ್ದವರ ಮೇಲೂ ಇದೇ ಲೆಕ್ಕ. ಅನ್ಯಾಯ ಅನಿಸುತ್ತೆ, ಅಲ್ವಾ? ಜೂಜಿಗೆ ಸರ್ಕಾರ ಕನಿಕರ ತೋರಿಸಲು ತಯಾರಿಲ್ಲ, ಅಷ್ಟೇ.

‘12 ಲಕ್ಷದವರೆಗೆ ತೆರಿಗೆ ಇಲ್ಲ’ ಅನ್ನುವ ಮಾತು ಹೊಸ ಪದ್ಧತಿಯದು. ಆ ರಿಯಾಯಿತಿ ಲಾಟರಿಯಂಥ ವಿಶೇಷ ದರದ ಆದಾಯಕ್ಕೆ ಸಿಗುವುದಿಲ್ಲ. ಆದ್ದರಿಂದ ಹೊಸ ಪದ್ಧತಿಯಲ್ಲಿ ನಿಮ್ಮ ತೆರಿಗೆ 27,000, ಸೆಸ್ 1,080. ಟಿಡಿಎಸ್‌ನಲ್ಲಿ ಸೆಸ್ ಸೇರಿರುವುದಿಲ್ಲ. ವಾಪಸ್ ಬರುವುದಿರಲಿ, ನೀವೇ 1,080 ಕಟ್ಟಬೇಕು. ಹಳೆ ಪದ್ಧತಿಯಲ್ಲಿ ಒಟ್ಟು ಆದಾಯ 5 ಲಕ್ಷದ ಒಳಗಿದ್ದರೆ ಸೆಕ್ಷನ್ 87ಎ ಅಡಿ 12,500ರವರೆಗೆ ರಿಯಾಯಿತಿ ಇದೆ, ಲಾಟರಿ ತೆರಿಗೆಗೂ ಅದು ಅನ್ವಯ. ಆಗ ತೆರಿಗೆ 14,500, ಸೆಸ್ ಸೇರಿ 15,080. ಅಂದರೆ 11,920 ವಾಪಸ್. ಕಾಫಿಯನ್ನು ಚೆರ್ರಿಯಾಗಿಯೋ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಆಗಿಯೋ ಮಾರಿದ್ದರೆ ಅದು ಕೃಷಿ ಆದಾಯ, ಈ 5 ಲಕ್ಷದ ಲೆಕ್ಕಕ್ಕೆ ಬರುವುದಿಲ್ಲ. ಹಳೆ ಪದ್ಧತಿ ಬೇಕೆಂದರೆ ಗಡುವಿನೊಳಗೆ, ಅಂದರೆ ಜುಲೈ 31ರೊಳಗೆ ರಿಟರ್ನ್ ಹಾಕಿ. ತಡವಾದರೆ ಆ ದಾರಿ ಮುಚ್ಚಿತು.

ಆದಾಯ ಇಷ್ಟು ಕಡಿಮೆ ಇದ್ದರೂ ರಿಟರ್ನ್ ಯಾಕೆ ಕಡ್ಡಾಯ? ವರ್ಷದಲ್ಲಿ ಹಿಡಿದ ಟಿಡಿಎಸ್ 25,000 ಮುಟ್ಟಿದರೆ ಹಾಕಲೇಬೇಕು ಎಂಬ ನಿಯಮ ಇದೆ. 60 ದಾಟಿದವರಿಗೆ ಈ ಮಿತಿ 50,000.

ಟಿಡಿಎಸ್ ಹಿಡಿಯದಿದ್ದರೆ ತೆರಿಗೆಯೇ ಇಲ್ಲ ಅಂದುಕೊಳ್ಳುವವರೂ ಜಾಸ್ತಿ. 2025ರ ಏಪ್ರಿಲ್ 1ರಿಂದ ಲಾಟರಿ, ರೇಸಿನಲ್ಲಿ ಒಂದು ಸಲದ ಗೆಲುವು 10,000 ದಾಟಿದರೆ ಮಾತ್ರ ಟಿಡಿಎಸ್. ಹಾಸನದಿಂದ ಮೈಸೂರು ರೇಸಿಗೆ ಹೋಗಿ 8,000 ಗೆದ್ದು ಬಂದರೆ ಯಾರೂ ಹಿಡಿಯುವುದಿಲ್ಲ. ತೆರಿಗೆ ಮಾತ್ರ ಇದ್ದೇ ಇದೆ, ರಿಟರ್ನ್‌ನಲ್ಲಿ ನೀವೇ ತೋರಿಸಬೇಕು. ಓಸಿ, ಅಂದರ್ ಬಾಹರ್, ಕ್ರಿಕೆಟ್ ಬೆಟ್ಟಿಂಗ್ ದುಡ್ಡಿಗೂ ತೆರಿಗೆ ಉಂಟು. ತೆರಿಗೆ ಕಟ್ಟಿದ ಮಾತ್ರಕ್ಕೆ ಪೊಲೀಸ್ ಕೇಸ್ ತಪ್ಪುವುದಿಲ್ಲ. ಆನ್‌ಲೈನ್ ಆಟಕ್ಕೆ ಬೇರೆ ಸೆಕ್ಷನ್, ಅಲ್ಲಿ ಹಾಕಿದ ದುಡ್ಡು ಕಳೆದು ನಿವ್ವಳ ಗೆಲುವಿಗೆ ಶೇ 30. ದುಡ್ಡು ಕಟ್ಟಿ ಆಡುವ ಆ ಆಟಗಳನ್ನೇ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದೆ.

ದೊಡ್ಡ ಮೊತ್ತವಾದರೆ ಇನ್ನೊಂದು ಪೆಟ್ಟು. 2024ರಲ್ಲಿ ಕೇರಳದ 25 ಕೋಟಿಯ ಓಣಂ ಬಂಪರ್ ನಮ್ಮ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಬಂದಿತ್ತು. ಅಂಥ ಬಹುಮಾನದಲ್ಲಿ ಕಮಿಷನ್, ಟಿಡಿಎಸ್ ಕಳೆದು ಖಾತೆಗೆ ಬರುವುದು 15.75 ಕೋಟಿ. ಆದಾಯ 50 ಲಕ್ಷ ದಾಟಿದರೆ ತೆರಿಗೆಯ ಮೇಲೆ ಇನ್ನಷ್ಟು ತೆರಿಗೆ, ಅಂದರೆ ಸರ್ಚಾರ್ಜ್ ಬೀಳುತ್ತದೆ, ಅದನ್ನೂ ಸೆಸ್ಸನ್ನೂ ಗೆದ್ದವರೇ ಆಮೇಲೆ ಕಟ್ಟಬೇಕು. ಈ ಮೊತ್ತಕ್ಕೆ ಹಳೆ ಪದ್ಧತಿಯಲ್ಲಿ ಸರ್ಚಾರ್ಜ್ ಶೇ 37, ಹೊಸದರಲ್ಲಿ 25. ಖಾತೆಯಲ್ಲಿರುವುದೆಲ್ಲ ತಮ್ಮದೆಂದು ಜಮೀನಿಗೆ ಅಡ್ವಾನ್ಸ್ ಕೊಟ್ಟರೆ ಕಷ್ಟ.

ಹಬ್ಬದ ಲಕ್ಕಿ ಡ್ರಾದಲ್ಲಿ ಬೈಕ್ ಬಂದರೆ ತೆರಿಗೆ ಕಟ್ಟಿದ ಮೇಲೇ ಕೀ ಕೊಡುತ್ತಾರೆ. ಕಾನೂನೇ ಹಾಗಿದೆ. ಆದರೆ ನಗದು ಬಹುಮಾನಕ್ಕೆ ‘ಮೊದಲು ತೆರಿಗೆ ಹಾಕಿ’ ಎಂದು ವಾಟ್ಸಾಪ್‌ನಲ್ಲಿ ಕೇಳಿದರೆ ಅದು ಸುಮ್ನೆ ಮೋಸ. ನಗದಾದರೆ ತೆರಿಗೆ ಅದರಿಂದಲೇ ಕಡಿತವಾಗುತ್ತದೆ. ಕೇರಳ ಲಾಟರಿ ಆನ್‌ಲೈನ್‌ನಲ್ಲಿ ಮಾರುವುದೇ ಇಲ್ಲ, ಕಾಗದದ ಟಿಕೆಟ್ ಮಾತ್ರ. ಕರ್ನಾಟಕದಲ್ಲಂತೂ 2007ರಿಂದ ಲಾಟರಿ ಮಾರಾಟ ಬಂದ್.

ಈಗ ನಿಮ್ಮ ಕೆಲಸ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಫಾರ್ಮ್ 26ಎಎಸ್ ತೆಗೆದು, 27,000 ನಿಮ್ಮ ಹೆಸರಲ್ಲಿ ಜಮೆ ಆಗಿದೆಯಾ ನೋಡಿ. ರಿಟರ್ನ್ ಫಾರ್ಮ್‌ಗಳಲ್ಲಿ ಐಟಿಆರ್-1 ಬೇಡ, ಲಾಟರಿ ಇದ್ದವರು ಅದನ್ನು ಬಳಸುವಂತಿಲ್ಲ. ಐಟಿಆರ್-2ರಲ್ಲಿ ‘ಇತರ ಮೂಲಗಳ ಆದಾಯ’ದ ವಿಶೇಷ ದರದ ಸಾಲಿನಲ್ಲಿ 90,000 ತೋರಿಸಿ. ಕಾಫಿ ಆದಾಯ ವಿನಾಯಿತಿ ಆದಾಯದ ಪುಟಕ್ಕೆ ಹೋಗುತ್ತದೆ. ಅದು 5 ಲಕ್ಷ ದಾಟಿದ್ದರೆ ಜಮೀನಿನ ಅಳತೆ, ಪಿನ್‌ಕೋಡ್, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ಕೇಳುತ್ತದೆ. ಪಹಣಿ ಪಕ್ಕದಲ್ಲೇ ಇಟ್ಟುಕೊಂಡು ಕುಳಿತುಕೊಳ್ಳಿ.